ಅಸ್ತರಿನ ಅಳತೆ

ಕೂಕಟ್‌ಪಲ್ಲಿಯಲ್ಲಿ ಸಾಫ್ಟ್‌ವೇರ್ ಹೆಂಗಸರಿಗೆ ಜಂಪರ್ ಹೊಲಿಯುವ ನನಗೆ ಒಂದು ನಿಯಮವಿದೆ. ಉಂಡ ಹೊಟ್ಟೆಯ ಅಳತೆ ತೆಗೆಯುವುದಿಲ್ಲ. ಊಟವಾಯಿತೇ ಎಂದು ಮೊದಲು ಕೇಳುತ್ತೇನೆ. ಏಳನೆಯ ಇಯತ್ತೆ ಓದಿದವಳು, ಕೇಳದೆ ಗೊತ್ತಾಗುವುದಿಲ್ಲ. ದೊಡ್ಡ ಓದು ಓದಿದವರಿಗೆ ಕೇಳುವ ಗರಜೇ ಇಲ್ಲ.

ಮೂರು ತಿಂಗಳಿಂದ ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುತ್ತಿತ್ತು. ಗಂಡ ಹುಲಗೇಶ ಸೆಂಟ್ರಿಂಗ್ ಕೆಲಸಕ್ಕೆ ರಜೆ ಹಾಕಿ ಹೈಟೆಕ್ ಸ್ಕ್ಯಾನಿಂಗ್ ಸೆಂಟರಿಗೆ ಕರೆದೊಯ್ದ. ಆಗ ಹೈದರಾಬಾದಿನಲ್ಲಿ ಇಡ್ಲಿ ಬಂಡಿಯೂ ಹೈಟೆಕ್ಕೇ. ಡಾಕ್ಟರು ಹೊಟ್ಟೆಗೆ ತಣ್ಣನೆಯ ಜೆಲ್ ಸವರಿ, ಯಂತ್ರ ಆಡಿಸುತ್ತಲೇ ಫೋನಿನಲ್ಲಿ ಫ್ಲ್ಯಾಟ್ ವ್ಯಾಪಾರ ಕುದುರಿಸಿದರು. ನನ್ನ ವಿಚಾರಣೆಯೂ ಅಷ್ಟರಲ್ಲೇ ಮುಗಿಯಿತು. ಗರ್ಭಚೀಲದ ಒಳಗಿನ ಲೈನಿಂಗ್ ಹದಿನಾಲ್ಕು ಮಿಲಿಮೀಟರ್ ದಪ್ಪವಾಗಿದೆ, ಚೀಲವನ್ನೇ ತೆಗೆಸಿಬಿಡಿ ಎಂದರು. ಲೈನಿಂಗ್ ಅಂದರೆ ಅಸ್ತರು, ಜಂಪರಿನ ಒಳಬಟ್ಟೆ. ದಿನಾ ನನ್ನ ಕೈಯಲ್ಲಿರುವ ಮಾಲು.

“ಅಸ್ತರು ದಪ್ಪಾದ್ರ ಅಸ್ತರು ನೋಡ್ರಿ. ಜಂಪರ್ ಯಾಕ ಒಗೀತೀರಿ?” ಎಂದು ಕನ್ನಡದಲ್ಲೇ ಕೇಳಿದೆ. ಅವರು ತೆಲುಗಿನಲ್ಲಿ ನಕ್ಕರು.

“ಎರಡು ಮಕ್ಕಳಾದಾವಲ್ಲ. ಇನ್ನ ಅದನ್ನ ಇಟ್ಕೊಂಡು ಏನ್ ಮಾಡ್ತಿ?” ಎಂದ ಹುಲಗೇಶ, ತೂತಾದ ಬಕೆಟ್ಟಿನ ಬಗ್ಗೆ ಹೇಳುವಂತೆ. ಪಕ್ಕದ ಮನೆಯ ಸುಗಲಮ್ಮನೂ ಅವನ ಪರ. ಹೋದ ವರ್ಷ ಅದೇ ಸೆಂಟರಿನ ಮಾತಿಗೆ, ಮೂವತ್ತೊಂದನೆಯ ವಯಸ್ಸಿಗೆ ತೆಗೆಸಿಕೊಂಡವಳು. ಭಾಳ ಆರಾಮಾಗಿದ್ದೇನೆ ಎಂದಳು, ಸೊಂಟ ಹಿಡಿದುಕೊಂಡೇ.

ಯಾರಿಗೂ ಹೇಳದೆ ಸರ್ಕಾರಿ ಆಸ್ಪತ್ರೆಗೆ ಹೋದೆ. ಅಲ್ಲಿಯ ಡಾಕ್ಟರಮ್ಮ ಯಂತ್ರ ಮುಟ್ಟುವ ಮೊದಲು ಮುಟ್ಟಾದ ತಾರೀಖು ಕೇಳಿದರು. ಬೆರಳು ಮಡಿಚಿ ಎಣಿಸಿ, ಹಿಂದಿನ ಸ್ಕ್ಯಾನ್ ಮುಟ್ಟಿಗೆ ಎರಡೇ ದಿನ ಮೊದಲು ಆಗಿದೆ, ಆಗ ಅಸ್ತರು ದಪ್ಪವಿರುವುದು ಸಹಜ, ಮುಟ್ಟು ನಿಂತ ಮೇಲೆ ನೋಡಬೇಕು ಎಂದರು. ಮುಂದಿನ ಸಲ ರಕ್ತ ನಿಂತ ಮರುದಿನವೇ ಹೋದೆ. ಅಸ್ತರು ಐದೇ ಮಿಲಿಮೀಟರ್ ಇತ್ತು. ಅದರಲ್ಲೊಂದು ಜೋಳದ ಕಾಳಿನಷ್ಟು ಗಂಟು ಕಂಡಿತು. ರಕ್ತ ಹೋಗುತ್ತಿದ್ದುದು ಅದರಿಂದ. ಅದಷ್ಟನ್ನೇ ತೆಗೆದು ಪರೀಕ್ಷೆಗೆ ಕಳಿಸಿದರು. ಕೆಟ್ಟದ್ದೇನೂ ಇಲ್ಲವೆಂದು ರಿಪೋರ್ಟ್ ಬಂತು. ಚೀಲ ನನ್ನೊಳಗೇ ಉಳಿಯಿತು.

ಆ ಹೈಟೆಕ್ ಡಾಕ್ಟರು ಉಂಡ ಹೊಟ್ಟೆಯ ಅಳತೆ ತೆಗೆದಿದ್ದರು ಎಂದು ಸುಗಲಮ್ಮನಿಗೆ ನಗುನಗುತ್ತ ಹೇಳಿದೆ. ಅವಳು ನಗಲಿಲ್ಲ. ನನ್ನ ರಿಪೋರ್ಟನ್ನೇ ನೋಡುತ್ತ ಕುಳಿತಳು.

“ನನ್ನ ಯಾರೂ ತಾರೀಖು ಕೇಳಲಿಲ್ಲ, ಗುರುದೇವಿ.”