ಬಾವಿಗೆ ಬಿದ್ದವಳ ಮುಂದಿನ ಕತೆ

ನಬಿಲಾಲನ ಸಿನೆಮಾ ತಂಬು ಆ ವರ್ಷ ಇಂಡಿ, ಸಿಂದಗಿ, ಮುದ್ದೇಬಿಹಾಳ ಸುತ್ತಿ ಬಾಗೇವಾಡಿಗೆ ಬಂದಾಗ ಸುಗ್ಗಿ ಮುಗಿದಿತ್ತು. ಜೋಳ ಮನೆ ಸೇರಿ ಜನ ಸ್ವಲ್ಪ ಕೈ ಬಿಚ್ಚುವ ಕಾಲ. ಊರ ಹೊರಗೆ ಗುರುಲಿಂಗಪ್ಪಗೌಡರ ಬೀಳು ಹೊಲದಲ್ಲಿ ಕಂಬ ನೆಟ್ಟು ಪರದೆ ಕಟ್ಟಿದರೆ ಯುಗಾದಿಯವರೆಗೆ ಚಿಂತೆಯಿರಲಿಲ್ಲ. ಮಳೆಗಾಲದಲ್ಲಿ ತಂಬು ಮಡಚಿಟ್ಟು ಕೂತಾಗ ನಬಿಲಾಲನ ಮನೆಯಲ್ಲಿ ಒಲೆ ಉರಿಯುತ್ತಿದ್ದದ್ದು ಬಾಗೇವಾಡಿಯ ಪುಣ್ಯದಿಂದ. ಹಾಗಾಗಿ ಗೌಡರು ಕೆಮ್ಮಿದರೂ ಅವನು ಎದ್ದು ನಿಲ್ಲುತ್ತಿದ್ದ.

ಜಾತಿಯೆಂಬುದು ಇಲ್ಲ ಎಂದು ಸಾರಿದ ದೊಡ್ಡ ಶರಣ ಹುಟ್ಟಿದ ಊರು ಅದು. ಊರಿನವರಿಗೆ ಆ ಬಗ್ಗೆ ಬಹಳ ಅಭಿಮಾನ. ಆ ಅಭಿಮಾನ ಗುಡಿಯಲ್ಲಿ ಇರುತ್ತಿತ್ತು, ಬಾವಿಯ ಹತ್ತಿರ ಬರುತ್ತಿರಲಿಲ್ಲ.

ತಂಬಿನ ಕೆಲಸಕ್ಕೆ ನಬಿಲಾಲನ ಜೊತೆಗಿದ್ದವನು ಮಾಳಿಂಗಪ್ಪ, ಹತ್ತಿರದ ಮಸೂತಿ ಎಂಬ ಹಳ್ಳಿಯ ಹೊಲಗೇರಿಯವನು. ಬೆಳಿಗ್ಗೆ ಚಕ್ಕಡಿಯ ಎರಡೂ ಬದಿಗೆ ಚಿತ್ರದ ಹಲಗೆ ಕಟ್ಟಿಕೊಂಡು, ಚರ್ಮದ ಹಲಗಿ ಬಡಿಯುತ್ತ ಸುತ್ತಲ ಹಳ್ಳಿಗಳಲ್ಲಿ ಸಾರಿ ಬರುವುದು ಅವನ ಕೆಲಸ. ಸಂಜೆ ಡಬ್ಬಿಗಳಿಂದ ರೀಲು ತೆಗೆದು ಕೊಡುವವನೂ ಅವನೇ. ಹಾಡಿಲ್ಲದ ಚಿತ್ರಕ್ಕೂ ಹಾಡು ಹಚ್ಚಿ, ಹುಲಿಯಿಲ್ಲದ ಚಿತ್ರಕ್ಕೂ ಹುಲಿ ಬಿಟ್ಟು ಅವನು ಕತೆ ಹೇಳುತ್ತಿದ್ದ ರೀತಿಗೆ ಮುದುಕರು ಕೂಡ ಹೊದಿಕೆ ಹೆಗಲಿಗೇರಿಸಿ ಹೊರಡುತ್ತಿದ್ದರು. ಕತೆ ಕುತ್ತಿಗೆಗೆ ಬಂದ ಕಡೆ ನಿಲ್ಲಿಸಿ, ಮುಂದಿನದು ಬೇಕಾದರೆ ತಂಬಿಗೆ ಬನ್ನಿ ಎನ್ನುವುದು ಅವನ ಪದ್ಧತಿ. ಇಬ್ಬರೂ ಎಷ್ಟೋ ವರ್ಷ ತಂಬಿನೊಳಗೆ ಒಂದೇ ಬುತ್ತಿ ಬಿಚ್ಚಿ ಉಂಡವರು. ಹೊರಗೆ ಚಹಾದಂಗಡಿಯಲ್ಲಿ ಮಾತ್ರ ಮಾಳಿಂಗಪ್ಪನದು ಬೇರೆ ಬಟ್ಟಲು. ಅದನ್ನು ಅವನೇ ತೊಳೆದು ಗೂಡಿನಲ್ಲಿಡುತ್ತಿದ್ದ. ನಬಿಲಾಲ ಆ ಕಡೆ ನೋಡದೆ ಚಹಾ ಕುಡಿಯುವುದನ್ನು ರೂಢಿ ಮಾಡಿಕೊಂಡಿದ್ದ.

ಹೊಸ ಚಿತ್ರ ಬಂದರೆ ಜನರಿಗೆ ತೋರಿಸುವ ಮೊದಲು ಖಾಲಿ ತಂಬಿನಲ್ಲಿ ಒಮ್ಮೆ ಓಡಿಸಿ ನೋಡುವುದಿತ್ತು. ಊರೂರು ತಿರುಗಿ ಬಂದ ರೀಲು ಎಲ್ಲಿ ಹರಿದಿದೆ, ಎಲ್ಲಿ ಅಂಟು ಬಿಟ್ಟಿದೆ ಎಂದು ತಿಳಿಯಬೇಕಲ್ಲ. ಹಾಗೆ ಆ ಚಿತ್ರವನ್ನು ಮೊದಲು ನೋಡಿದವರು ಇವರಿಬ್ಬರೇ. ಹೊಲೆಯರ ಹುಡುಗಿಯೊಬ್ಬಳು ಊರ ಬಾವಿ ಮುಟ್ಟಿ ಏಟು ತಿನ್ನುತ್ತಾಳೆ. ಜಮೀನ್ದಾರನ ಮಗ ಅವಳನ್ನು ಮೆಚ್ಚುತ್ತಾನೆ. ಊರು ಅವಳನ್ನು ಹೀನಾಯವಾಗಿ ಆಡಿಕೊಳ್ಳುತ್ತದೆ, ಅವಳು ಅದೇ ಬಾವಿಗೆ ಹಾರುತ್ತಾಳೆ. ಹುಡುಗ ಹಿಂದೆಯೇ ಹಾರಿ ಎತ್ತಿ ತರುತ್ತಾನೆ, ಒದ್ದೆ ಬಟ್ಟೆಯಲ್ಲೇ ತಲಬಾಗಿಲಿನಿಂದ ಒಳಗೆ ಕರೆದೊಯ್ಯುತ್ತಾನೆ. ಅತ್ತೆ ಕೋಣೆ ಸೇರಿ ಅಗಳಿ ಹಾಕಿಕೊಳ್ಳುತ್ತಾಳೆ. ಕಡೆಗೆ ಅತ್ತೆಗೆ ಜ್ವರ ಬಂದು ನಾಲಗೆ ಒಣಗಿದಾಗ ನೀರಿನ ತಂಬಿಗೆ ಹಿಡಿದು ನಿಲ್ಲುವವಳು ಈ ಸೊಸೆಯೇ. ಅತ್ತೆ ಬಹಳ ಹೊತ್ತು ನೋಡುತ್ತಾಳೆ. ಆಮೇಲೆ ಕೈ ಚಾಚಿ ಈಸಿಕೊಂಡು ಕುಡಿಯುತ್ತಾಳೆ. ಚಿತ್ರ ಅಲ್ಲಿಗೆ ಮುಗಿಯುತ್ತದೆ.

ಮಾಳಿಂಗಪ್ಪ ಡಬ್ಬಿಯ ಮೇಲೆ ಕೂತಿದ್ದವನು ಏಳಲಿಲ್ಲ. ಆ ನೀರು ಕುಡಿಯುವುದನ್ನು ಇನ್ನೊಮ್ಮೆ ಹಾಕಿರಿ ಎಂದು ಕೇಳಿದ. ನಬಿಲಾಲ ಬೈಯದೆ ರೀಲು ಹಿಂದೆ ಸುತ್ತಿ ಮತ್ತೆ ಹಾಕಿದ. ಆ ದಿನ ಮಾಳಿಂಗಪ್ಪ ಹಲಗಿಯನ್ನು ಎರಡು ಸಲ ಬೆಂಕಿಗೆ ಹಿಡಿದು ಕಾಯಿಸಿದ.

ಮೊದಲ ಆಟ ದೊಡ್ಡವರಿಗೆಂದೇ ಮೀಸಲು. ಗೌಡರು ಪರದೆಗೆ ಕಾಯಿ ಒಡೆದರು, ವಕೀಲ ಬಸಂತರಾಯರು ಪಕ್ಕದ ಕುರ್ಚಿಯಲ್ಲಿ ಕೂತರು. ಹುಡುಗಿ ಬಾವಿಗೆ ಹಾರುವವರೆಗೆ ಎಲ್ಲ ನೆಟ್ಟಗಿತ್ತು, ಹೆಂಗಸರ ಕಡೆಯಿಂದ ಮೂಗು ಸೀಟುವ ಸದ್ದು ಸಹ ಬಂತು. ಅವಳು ಬದುಕಿ ಮೇಲೆ ಬಂದದ್ದೇ ತಡ, ತಂಬಿನಲ್ಲಿ ಗುಸುಗುಸು ಎದ್ದಿತು. ತಲಬಾಗಿಲು ದಾಟಿ ಕಾಲಿಟ್ಟಾಗ ಹಿಂದಿನ ಬೆಂಚಿನಿಂದ ಕಲ್ಲು ಬಂದು ಪರದೆಯನ್ನು ಸೀಳಿತು. ಮನೆ ಹೊಲಸು ಮಾಡಿದರೆಂದು ಕೂಗಿದವರು ಯಾರೋ, ಯಂತ್ರ ಒಡೆಯಿರಿ ಎಂದವರು ಯಾರೋ. ಇಷ್ಟು ಹೊತ್ತು ಅವಳಿಗಾಗಿ ಕಣ್ಣೊರೆಸಿಕೊಂಡವರೇ ಈಗ ಸೆರಗು ಕೊಡವಿ ಎದ್ದಿದ್ದರು. ನಬಿಲಾಲ ಯಂತ್ರ ನಿಲ್ಲಿಸಿ ಗ್ಯಾಸಬತ್ತಿ ಹಚ್ಚಿದ.

ಬಸಂತರಾಯರು ತಿಳಿದವರು. ಆ ಪಾತ್ರ ಮಾಡಿದ ಹೆಣ್ಣುಮಗಳು ಹುಟ್ಟಿನಿಂದ ಒಳ್ಳೆಯ ಕುಲದವಳೆಂದು ಪತ್ರಿಕೆಯಲ್ಲಿ ಓದಿದ್ದೇನೆ, ಆದ್ದರಿಂದ ಖರೆ ಮೈಲಿಗೆ ಏನೂ ಆಗಿಲ್ಲ ಎಂದು ಜನರನ್ನು ಸಮಾಧಾನ ಮಾಡಿದರು. ಕೆಲವರಿಗೆ ಅದು ನಿಜವಾಗಿಯೂ ಸಮಾಧಾನವಾಯಿತು. ಗೌಡರು ಮಾತ್ರ ಎಲ್ಲರೂ ಹೋಗುವವರೆಗೆ ಕಾದು, ನಬಿಲಾಲನನ್ನು ಹತ್ತಿರ ಕರೆದರು.

“ಆ ಹುಡಿಗಿ ಬಾವಿಗೆ ಬೀಳ್ತಾಳಲ್ಲ, ಅಲ್ಲೀತನಕ ಭಾಳ ಚಲೋ ಐತಿ ನಬಿಲಾಲ,” ಎಂದರು. “ಅಲ್ಲಿಗೇ ಮುಗಸು.”

ನಬಿಲಾಲ ಮುಗಿಸಿದ. ಕಡೆಯ ಎರಡು ರೀಲು ಡಬ್ಬಿಯಲ್ಲೇ ಉಳಿದವು. ಹಳೆಯ ದೇವರ ಚಿತ್ರವೊಂದರಿಂದ ‘ಮಂಗಳಂ’ ಎಂಬ ತುಂಡು ಕತ್ತರಿಸಿ, ಬಾವಿಯ ನೀರು ಕಲಕಿ ತಣ್ಣಗಾಗುವಲ್ಲಿಗೆ ಅಂಟಿಸಿದ. ಹುಡುಗಿ ಮುಳುಗಿದಳು, ಮಂಗಳವಾಯಿತು.

ಆಮೇಲೆ ನೋಡಬೇಕು ಜನ! ಮಸೂತಿ, ಮನಗೂಳಿ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು ಬಂದರು. ಊರಲ್ಲಿ ಅದರ ಹೆಸರೇ ಬಾವಿ ಸಿನೆಮಾ ಎಂದಾಯಿತು. ಗೌಡರ ಹೆಂಡತಿ, ಗೌಡಸಾನಿ ಸಿದ್ದಲಿಂಗವ್ವ ಮತ್ತೆ ಮತ್ತೆ ಬಂದು, ಪ್ರತಿ ಸಲವೂ ಮೊದಲ ಸಲದಂತೆಯೇ ಅತ್ತಳು. ಒಂದು ಸಂಜೆ ಅಳು ತಡೆಯದೆ, ಹೊರಗೆ ಹಲಗಿ ಹಿಡಿದು ನಿಂತಿದ್ದ ಮಾಳಿಂಗಪ್ಪನನ್ನು ಕರೆದು, ನಿನ್ನ ಅವ್ವನಿಗೆ ಉಡಿಸು ಎಂದು ಒಂದು ಇಳಕಲ್ ಸೀರೆ ಕೊಟ್ಟಳು. ಕೊಟ್ಟಳೆಂದರೆ, ಚಕ್ಕಡಿಯ ಮೇಲಿನಿಂದ ಅವನು ಚಾಚಿದ ಟವೆಲಿಗೆ ಕೈ ತಾಗದಂತೆ ಬಿಟ್ಟಳು. ಗೌಡರು ಆಟ ಮುಗಿದ ಮೇಲೆ ಒಮ್ಮೆ ಎದ್ದು ನಿಂತು, ಹೂವಿನಂಥ ಕೂಸನ್ನು ನಮ್ಮ ಸಮಾಜ ಕೊಂದಿತು ಎಂದು ಸಣ್ಣದೊಂದು ಭಾಷಣವನ್ನೂ ಮಾಡಿದರು. ಸತ್ತವಳ ಮೇಲೆ ಅವರಿಗೆ ಯಾವ ಸಿಟ್ಟೂ ಇರಲಿಲ್ಲ.

ನಬಿಲಾಲನ ಹೊಟ್ಟೆ ತಣ್ಣಗಿತ್ತು. ಆದರೆ ‘ಮಂಗಳಂ’ ಬರುವಾಗ ಅವನು ಮಾಳಿಂಗಪ್ಪನ ಮುಖ ನೋಡುತ್ತಿರಲಿಲ್ಲ. ಮಾಳಿಂಗಪ್ಪ ಒಂದು ಮಧ್ಯಾಹ್ನ, ಬುತ್ತಿ ಕಟ್ಟಿದ ಬಟ್ಟೆ ಮಡಚುತ್ತ, ತಾನಾಗಿಯೇ ಮಾತು ತೆಗೆದ.

“ಮಾಲಕ್ರ, ಕಡೀ ಸಂತಿ ದಿವಸ ನಮ್ಮ ಕೇರಿ ಮಂದಿನ್ನ ಕರಕೊಂಡು ಬರ್ತೇನಿ. ಅವತ್ತೊಂದು ದಿವಸ ಪೂರಾ ತೋರಸ್ರಿ. ಆ ನೀರ ಕುಡಿಯೂದನ್ನ ನಮ್ಮವ್ವ ನೋಡ್ಲಿ.”

ಇಷ್ಟು ವರ್ಷದಲ್ಲಿ ಅವನು ಏನನ್ನೂ ಕೇಳಿದವನಲ್ಲ. ಕಡೆಯ ದಿನ ದೊಡ್ಡವರು ಯಾರೂ ಬರಲಾರರು, ಮರುದಿನ ತಂಬು ಕಿತ್ತರೆ ಮುಗಿಯಿತು ಎಂದು ನಬಿಲಾಲ ಲೆಕ್ಕ ಹಾಕಿ, ತೋರಿಸುತ್ತೇನೆ, ಮಾತು ಕೊಟ್ಟಿದ್ದೇನೆ ಎಂದು ಅವನ ಕೈ ಹಿಡಿದು ಹೇಳಿದ. ಹೇಳಿದಾಗ ಅವನಿಗೆ ತಾನು ಬಹಳ ಒಳ್ಳೆಯವನೆಂದು ಅನಿಸಿತು.

ಆ ವಾರ ಮಾಳಿಂಗಪ್ಪ ತನ್ನ ಕಸುಬಿನ ಪದ್ಧತಿಯನ್ನೇ ಮುರಿದ. ಕೇರಿಗಳಲ್ಲಿ ಹಲಗಿ ಬಡಿದು, ಕತೆಯನ್ನು ಕುತ್ತಿಗೆಯಲ್ಲಿ ನಿಲ್ಲಿಸದೆ ತುದಿಯವರೆಗೆ ಹೇಳಿದ. ಹುಡುಗಿ ಸಾಯುವುದಿಲ್ಲ, ದೊಡ್ಡಮನೆಯ ಅತ್ತೆ ಅವಳ ಕೈಯಿಂದ ನೀರು ಕುಡಿಯುತ್ತಾಳೆ, ಬಂದು ನಿಮ್ಮ ಕಣ್ಣಿಂದಲೇ ನೋಡಿರಿ ಎಂದ. ಸಂತೆಯ ದಿನ ಬಿಸಿಲಿಳಿಯುವ ಹೊತ್ತಿಗೆ ಮಸೂತಿಯ ಕೇರಿಗೆ ಕೇರಿಯೇ ನಡೆದುಕೊಂಡು ಬಂತು. ಹೆಂಗಸರು ಕೂಸುಗಳನ್ನು ಟೊಂಕಕ್ಕೆ ಏರಿಸಿಕೊಂಡಿದ್ದರು. ಅವನ ತಾಯಿ ಯಮನವ್ವ ಎಲ್ಲರಿಗಿಂತ ಮುಂದೆ, ಕೋಲೂರಿಕೊಂಡು, ಗೌಡಸಾನಿ ಕೊಟ್ಟ ಇಳಕಲ್ ಸೀರೆ ಉಟ್ಟು ಬಂದಳು. ಸರಕಾರದ ಕಾಯಿದೆಯ ಪ್ರಕಾರ ಅವರು ಎಲ್ಲಿ ಬೇಕಾದರೂ ಕೂರಬಹುದಿತ್ತು. ಪರದೆಯ ಎಡ ಮೂಲೆಯಲ್ಲಿ ಹಗ್ಗ ಕಟ್ಟಿದ ಜಾಗಕ್ಕೆ ಯಾರೂ ಹೇಳದೆಯೇ ಹೋಗಿ ಕೂತರು.

ಆಟ ಶುರುವಾಗಲು ಸ್ವಲ್ಪ ಮೊದಲು ಗೌಡರ ಆಳು ಬಂದು ಮುಂದಿನ ಸಾಲಿನ ಕುರ್ಚಿಗಳ ಮೇಲೆ ಜಮಖಾನೆ ಹಾಸಿದ. ಹಲಸಂಗಿಯಿಂದ ಬೀಗರು ಬಂದಿದ್ದಾರೆ, ಬಾವಿ ಸಿನೆಮಾ ನೋಡದೆ ಹೋಗುವುದಿಲ್ಲ ಎನ್ನುತ್ತಿದ್ದಾರೆ ಎಂದ. ನಬಿಲಾಲ ತನಗೆ ತಾನೇ ಧೈರ್ಯ ಹೇಳಿಕೊಂಡ. ‘ಮಂಗಳಂ’ ಬಂದ ಮೇಲೆ ದೊಡ್ಡವರು ಎದ್ದು ಹೋಗುತ್ತಾರೆ, ಆಗ ಉಳಿದ ಎರಡು ರೀಲು ಹಾಕಿದರಾಯಿತು. ಮಾಳಿಂಗಪ್ಪನಿಗೂ ಹಾಗೆಂದೇ ಪಿಸುಗುಟ್ಟಿದ. ಅವನು ತಲೆಯಾಡಿಸಿ, ಆ ಎರಡು ರೀಲಿನ ಡಬ್ಬಿಯನ್ನು ತಾನೇ ತಂದು ಯಂತ್ರದ ಕಾಲಬುಡದಲ್ಲಿಟ್ಟ.

ಹುಡುಗಿ ಬಾವಿಗೆ ಬಿದ್ದಳು. ಬೀಗರು ಅತ್ತರು, ಸಿದ್ದಲಿಂಗವ್ವ ಬೀಗಿತ್ತಿಯ ಹೆಗಲಿಗೆ ತಲೆಯಿಟ್ಟು ಅತ್ತಳು. ದೀಪ ಹಚ್ಚಿದಾಗ ಬೆಂಚಿನವರೆಲ್ಲ ಕಣ್ಣೊರೆಸುತ್ತ ಹೊರಗೆ ನಡೆದರು. ಹಗ್ಗದ ಮೂಲೆಯಲ್ಲಿ ಕೂತವರು ಮಾತ್ರ ಏಳಲಿಲ್ಲ. ಅವರು ಅತ್ತೂ ಇರಲಿಲ್ಲ. ಕತೆ ಇನ್ನೂ ಇದೆಯಲ್ಲ, ಈಗಲೇ ಯಾಕೆ ಅಳಬೇಕು?

ಗೌಡರು ಹೆಂಗಸರನ್ನು ಚಕ್ಕಡಿಗೆ ಹತ್ತಿಸಿ ತಾವು ಯಂತ್ರದ ಹತ್ತಿರ ಬಂದರು. ಬೀಗರು ಬಹಳ ಮೆಚ್ಚಿದರು ಎಂದರು. ಮುಂದಿನ ವರ್ಷವೂ ಹೊಲ ನಿನಗೇ, ಮುದ್ದೇಬಿಹಾಳದ ಇನ್ನೊಂದು ತಂಬಿನವನು ಕೇಳುತ್ತಿದ್ದ, ಕಳಿಸಿಬಿಟ್ಟೆ ಎಂದರು. ಮೂಲೆಯ ಕಡೆ ನೋಡಿ, ಇವರೇಕೆ ಇನ್ನೂ ಕೂತಿದ್ದಾರೆ ಎಂದು ಕೇಳಿದರು. ದೂರ ನಡೆಯಬೇಕಲ್ಲ, ದಣಿವಾರಿಸಿಕೊಳ್ಳುತ್ತಿದ್ದಾರೆ ಎಂದ ನಬಿಲಾಲ. ಗೌಡರು ಹೋಗಬಹುದಿತ್ತು. ಹೋಗಲಿಲ್ಲ, ಕಂಬಕ್ಕೆ ಒರಗಿ ಎಲೆಯಡಿಕೆಯ ಚಂಚಿ ಬಿಚ್ಚಿದರು.

ಆಗ ಮಾಳಿಂಗಪ್ಪ ಯಂತ್ರದ ಈ ಬದಿಗೆ ಬಂದು, ಹಾಕೋಣವೇ ಎಂದು ಕಣ್ಣಲ್ಲೇ ಕೇಳಿದ.

“ಆ ರೀಲ ಸುಟ್ಟಾವೋ ಮಾಳಿಂಗ,” ಎಂದ ನಬಿಲಾಲ, ಗೌಡರಿಗೆ ಕೇಳದ ಹಾಗೆ. “ಬರೂದಿಲ್ಲ.”

ಮಾಳಿಂಗಪ್ಪ ಕಾಲಬುಡದ ಡಬ್ಬಿಯನ್ನು ನೋಡಿದ. ಆಮೇಲೆ ಕಂಬಕ್ಕೆ ಒರಗಿದ ಗೌಡರನ್ನು ನೋಡಿದ. ಅವನಿಗೆ ಎಲ್ಲ ತಿಳಿಯಿತು. ಪರದೆಯ ಮುಂದೆ ಹೋಗಿ ತನ್ನ ಜನಕ್ಕೆ ಮುಖ ಮಾಡಿ ನಿಂತ. ರೀಲು ಕೆಟ್ಟಿದೆ, ಮುಂದಿನದನ್ನು ನಾನೇ ಹೇಳುತ್ತೇನೆ, ಕೇಳಿರಿ ಎಂದ. ಹಲಗಿಯಿಲ್ಲದೆ, ಹಾಡಿಲ್ಲದೆ, ಒಂದು ಮಾತೂ ಬೆಳೆಸದೆ ಹೇಳಿದ. ಹುಡುಗ ಹಾರಿದ್ದು, ಎತ್ತಿ ತಂದದ್ದು, ಜ್ವರ ಬಂದದ್ದು, ಅತ್ತೆ ಬಹಳ ಹೊತ್ತು ನೋಡಿದ್ದು, ಕೈ ಚಾಚಿದ್ದು. ಅಷ್ಟು ಸರಳವಾಗಿ ಅವನು ಹುಟ್ಟಿದಾಗಿನಿಂದ ಕತೆ ಹೇಳಿರಲಿಲ್ಲ.

ಮೊದಲು ನಕ್ಕವನು ಒಬ್ಬ ಮುದುಕ. ಆಮೇಲೆ ಎಲ್ಲರೂ ನಕ್ಕರು, ಒಬ್ಬೊಬ್ಬರಾಗಿ ಎದ್ದು ಬಟ್ಟೆ ಕೊಡವಿಕೊಂಡರು. ಇದಕ್ಕಾಗಿ ಸಂತೆಯ ದಿನದ ಕೂಲಿ ಬಿಟ್ಟು ಬಂದೆವಲ್ಲ ಎಂದು ಒಬ್ಬಳು ಗೊಣಗಿದಳು. ಮಾಳಿಂಗಪ್ಪ ತಾನು ಕಣ್ಣಾರೆ ನೋಡಿದ್ದೇನೆಂದು ಆಣೆ ಮಾಡಿದ. ಯಮನವ್ವ ಕೋಲು ಊರಿ ಎದ್ದಳು.

“ನಿನ್ನ ಬಾಯಾಗ ಸತ್ತವರೂ ಎದ್ದು ಬರ್ತಾರ,” ಎಂದಳು ಮಗನಿಗೆ. “ಊರ ಮಂದಿಗೆ ಸುಳ್ಳ ಸಾರಿದಿ, ಹೊಟ್ಟಿಪಾಡು. ನಮಗೂ ಸಾರಬೇಕಿತ್ತೇನು?”

“ಖರೇ ಐತಿ ಯವ್ವಾ. ಮಾಲಕರೂ ನೋಡ್ಯಾರ. ಅವರನ್ನ ಕೇಳು.”

ಮುದುಕಿ ಯಂತ್ರದ ಕಡೆಗೆ ನಡೆದು ಬಂದಳು. ಹಿಂದೆ ಕೇರಿಯವರೆಲ್ಲ ನಿಂತು ನೋಡುತ್ತಿದ್ದರು. ರೀಲು ಹಾಕಬೇಕಿರಲಿಲ್ಲ, ಹೌದು ಎಂಬ ಒಂದು ಮಾತು ಸಾಕಿತ್ತು. ಅಷ್ಟರಿಂದ ಮಗ ತಾಯಿಯ ಕಣ್ಣಲ್ಲಿ, ಕೇರಿಯ ಕಣ್ಣಲ್ಲಿ ಉಳಿಯುತ್ತಿದ್ದ. ಅದು ನಬಿಲಾಲನಿಗೆ ಗೊತ್ತಿತ್ತು. ಗೌಡರು ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ ತಲೆಯೆತ್ತಿದ್ದರು.

“ನೀವು ಹೇಳ್ರಿ ಸಾಹೇಬ್ರ,” ಎಂದಳು ಯಮನವ್ವ. “ದೊಡ್ಡಮನಿ ಹೆಣಮಗಳು ಆ ಹುಡಿಗಿ ಕೈಯಾನ ನೀರ ಕುಡದಳೇನ್ರಿ?”

“ಇಲ್ಲ ಯವ್ವಾ,” ಎಂದ ನಬಿಲಾಲ. “ಬಾವಿಗೆ ಬಿದ್ದಳು. ಅಲ್ಲಿಗೇ ಮುಗೀತು.”

ಮಾಳಿಂಗಪ್ಪ ಸಿಟ್ಟಾಗಲಿಲ್ಲ. ಸಿಟ್ಟಾಗಿ ಕೊರಳಪಟ್ಟಿ ಹಿಡಿದಿದ್ದರೆ ನಬಿಲಾಲ ಆ ರಾತ್ರಿ ನಿದ್ದೆಯಾದರೂ ಮಾಡುತ್ತಿದ್ದ. ಅವನು ತಾಯಿಯ ಬುತ್ತಿಗಂಟನ್ನು ಹೆಗಲಿಗೆ ಹಾಕಿಕೊಂಡು, ತಪ್ಪು ಮಾಡಿದ ಮಗನ ಹಾಗೆ ತಲೆ ತಗ್ಗಿಸಿ, ತಂಬಿನ ಬಾಗಿಲು ಎತ್ತಿ ಹಿಡಿದು ನಿಂತ. ಕೇರಿಯವರು ಅವನ ಪಕ್ಕದಿಂದ ಮಾತಾಡಿಸದೆ ದಾಟಿ ಹೋದರು. ಯಮನವ್ವ ಹೊರಡುವ ಮೊದಲು ತಿರುಗಿ, ಬಡವರ ಮುಂದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಿರಿ, ನಿಮ್ಮ ಹೊಟ್ಟೆ ತಣ್ಣಗಿರಲಿ ಎಂದು ಹರಸಿದಳು. ಗೌಡರು ನೋಡುತ್ತಿದ್ದರು. ನಬಿಲಾಲ ಹಣೆಗೆ ಕೈಯೆತ್ತಿ ಮುದುಕಿಗೆ ಸಲಾಮು ಮಾಡಿದ.