ಚಿಕ್ಕಪ್ಪನ ಇಂಗ್ಲಿಷುಗಳು

ಅಕ್ಕನ ಕೆಲಸ ಖಾಯಂ ಆಗಲು ಒಂದು ಫೋನ್ ಕರೆಯಲ್ಲಿ ಪಾಸಾಗಬೇಕಿತ್ತು. ಅವಳು ಇರುವುದು ವಾಷಿಂಗ್ ಮಷೀನ್ ಕಂಪನಿಯೊಂದರ ಕಾಲ್ ಸೆಂಟರಿನಲ್ಲಿ. ಜಗತ್ತಿನ ಯಾವ ಮೂಲೆಯಲ್ಲಿ ಮಷೀನ್ ಕೆಟ್ಟರೂ ದೂರು ಇವಳ ಕಿವಿಗೆ ಬರುತ್ತದೆ. ಗಿರಾಕಿ ಬಾಯಿಬಿಟ್ಟ ಕೂಡಲೇ ಅದು ಯಾವ ದೇಶದ ಇಂಗ್ಲಿಷ್ ಎಂದು ಗುರುತು ಹಿಡಿದು, ಅದೇ ಧಾಟಿಯಲ್ಲಿ ಉತ್ತರಿಸಬೇಕು. ಮಾರ್ಕು ಹಾಕುವ ಸೂಪರ್‌ವೈಸರಿಗೆ ಹುಡುಗಿಯರು ಗಿಳಿ ಮೇಡಂ ಎಂದು ಹೆಸರಿಟ್ಟಿದ್ದರು.

ಮನೆಯಲ್ಲಿ ತಾಲೀಮು ಕೊಡಲು ಚಿಕ್ಕಪ್ಪ ಇದ್ದ. ನಾನಾ ದೇಶದವರಿದ್ದ ಹಡಗಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆದು ಬಂದವನು. ಆಲೂಗಡ್ಡೆ ಸಿಪ್ಪೆ ತೆಗೆಯುತ್ತಲೇ ಅವನು ದೇಶ ಬದಲಾಯಿಸುತ್ತಿದ್ದ. ಸ್ಕಾಟ್ಲೆಂಡಿನವನ ರಕಾರ ಕಲ್ಲುದಾರಿಯ ಗಾಡಿಯಂತೆ ಗುಡುಗುಡು ಉರುಳುತ್ತಿತ್ತು. ಆಸ್ಟ್ರೇಲಿಯಾದವನ ಮಾತು ಮೂಗಿನಿಂದ ಹೊರಟು ಕೊನೆಗೆ ಮೇಲೇರುತ್ತಿತ್ತು. ಸಿಂಗಾಪುರದವನ ವಾಕ್ಯಕ್ಕೆ 'ಲಾ' ಎಂಬ ಬಾಲ.

"ಈಗ ಬೈದೋನು ಯಾರು ಹೇಳು?"

"ಐರ್ಲೆಂಡ್."

"ಭೇಷ್. ಏನಂದ?"

"ನಿನ್ ತಲೇಲಿ ಮೆದುಳಿಲ್ಲ ಅಂದ."

"ಸರಿಯಾಗೇ ಹೇಳಿದಾನೆ."

ಅಮ್ಮ ಒಗ್ಗರಣೆ ಸೌಟು ಹಿಡಿದು ಬಂದಳು. "ಅಲ್ಲಪ್ಪಾ, ಹೆಣ್ಮಗಳಿಗೆ ಬರೀ ಬೈಗುಳ ಕಲಿಸ್ತೀಯಲ್ಲ, ಬೇರೆ ಏನೂ ಬರಲ್ವಾ?"

"ಮಷೀನ್ ಕೆಟ್ಟೋರು ಮುದ್ದು ಮಾಡ್ತಾರಾ ಅತ್ತಿಗೆ?" ಎಂದ ಚಿಕ್ಕಪ್ಪ.

ಪರೀಕ್ಷೆಯ ದಿನ ಗಿಳಿ ಮೇಡಂ ಹೆಡ್‌ಫೋನ್ ಏರಿಸಿಕೊಂಡು ಅಕ್ಕನ ಪಕ್ಕ ಕೂತರು. ಕರೆ ಬಂತು. ಯಾರೋ ಅಜ್ಜಿ. ತೊಂದರೆ ಕೊಡುತ್ತಿರುವುದಕ್ಕೆ ಕ್ಷಮಿಸಮ್ಮಾ, ಮಷೀನಿನಿಂದ ನೀರು ಹೋಗುತ್ತಿಲ್ಲ, ನಿನಗೆ ಬಿಡುವಿದ್ದರೆ ಹೇಳು, ನನಗೇನೂ ಅವಸರವಿಲ್ಲ ಎಂದಿತು.

ಅಕ್ಕನಿಗೆ ಹಿಡಿಯಲು ಏನೂ ಸಿಗಲಿಲ್ಲ. ಸಿಟ್ಟಿಲ್ಲದ ಇಂಗ್ಲಿಷನ್ನು ಅವಳು ತಾಲೀಮಿನಲ್ಲಿ ಕೇಳಿಯೇ ಇರಲಿಲ್ಲ. ಸ್ಕಾಟ್ಲೆಂಡಿನಲ್ಲಿ ನಮಸ್ಕಾರ ಹೇಳಿದಳು, ಆಸ್ಟ್ರೇಲಿಯಾದಲ್ಲಿ ಸಮಾಧಾನ ಹೇಳಿದಳು, ಅದೂ ಸರಿಹೋಗದೆ ಸಿಂಗಾಪುರಕ್ಕೆ ಜಿಗಿದಳು.

"ಅಲ್ಲಿ ಎಷ್ಟು ಜನ ಇದೀರಮ್ಮಾ?" ಎಂದಿತು ಅಜ್ಜಿ.

ಅಕ್ಕ ಸೋತು, ನಮ್ಮ ಮನೆಯ ಇಂಗ್ಲಿಷಿನಲ್ಲೇ ಅಜ್ಜಿಯಿಂದ ಮಷೀನಿನ ಕೆಳಗಿನ ಮುಚ್ಚಳ ತೆಗೆಸಿದಳು. ಒಳಗೆ ಕಾಲುಚೀಲ ಸಿಕ್ಕಿತು. ನೀರು ಹೋಯಿತು. ಅಜ್ಜಿ ಹರಸಿ ಫೋನಿಟ್ಟಿತು.

"ಅದು ಐರ್ಲೆಂಡ್ ಕಣಮ್ಮ," ಎಂದರು ಗಿಳಿ ಮೇಡಂ. "ಮಷೀನ್ ಸರಿಹೋಯ್ತು ಅಂತ ಇನ್ನೊಂದು ಚಾನ್ಸ್ ಕೊಡ್ತೀನಿ. ಮುಂದಿನ ವಾರ. ಮೆತ್ತಗೆ ಮಾತಾಡೋರನ್ನೂ ಕೇಳಿಸ್ಕೊಂಡು ಬಾ."

ಸಂಜೆ ಅಕ್ಕ ಚಿಕ್ಕಪ್ಪನ ಎದುರು ಕೂತಳು. "ಐರ್ಲೆಂಡ್ ಶುರು ಮಾಡು. ಆದ್ರೆ ಬೈಬೇಡ, ಪ್ರೀತಿಯಿಂದ ಮಾತಾಡು."

ಚಿಕ್ಕಪ್ಪ ಚಾಕು ಕೆಳಗಿಟ್ಟ. ಗಂಟಲು ಸರಿಮಾಡಿಕೊಂಡ.

"ಬರಲ್ಲ ಕಣೇ. ಹಂಗೆ ಯಾರೂ ನನ್ನತ್ರ ಮಾತಾಡಿಲ್ಲ."

ಅಕ್ಕ, "ಸರಿ, ನಾನೇ ಅಜ್ಜಿ. ನೀನು ಕಂಪನಿ," ಎಂದಳು. ತೊಂದರೆ ಕೊಡುತ್ತಿರುವುದಕ್ಕೆ ಕ್ಷಮಿಸಪ್ಪಾ, ನಿನಗೆ ಬಿಡುವಿದ್ದರೆ ಹೇಳು ಎಂದು ಅಜ್ಜಿಯ ಧಾಟಿಯಲ್ಲೇ ಒಪ್ಪಿಸಿದಳು.

ಚಿಕ್ಕಪ್ಪ ತಲೆ ಓರೆ ಮಾಡಿ ಕೇಳಿದ.

"ಕೊನೇಲಿ ಸ್ವಲ್ಪ ತಪ್ತು," ಎಂದ. "ಇನ್ನೊಂದ್ಸಲ ಹೇಳು."