ಫಿಟ್ಟರ್ ಕೊಟ್ಟ ಅಳತೆ

"ಇನ್ನೊಂಚೂರು ಮೇಲಕ್ಕೆ ಎಳೀರಿ," ಎಂದ ಬಡಗಿ.

ಮೇಲಕ್ಕೆ ಎಳೆದರೆ ಕಾಲ ಕಡೆ ಖಾಲಿ, ಕೆಳಕ್ಕೆ ಎಳೆದರೆ ತಲೆ ಕಡೆ ಖಾಲಿ. ಶವಪೆಟ್ಟಿಗೆಯಲ್ಲಿ ಅವಳು ಯಾರದೋ ಮನೆಯ ಹಾಸಿಗೆಯಲ್ಲಿ ಸಂಕೋಚದಿಂದ ಮಲಗಿದ ಹಾಗೆ ಕಾಣುತ್ತಿದ್ದಳು.

ಗಂಡನಿಗೆ ಮೈಯೆಲ್ಲ ಉರಿದುಹೋಯಿತು. ಕಾರ್ಖಾನೆಯಲ್ಲಿ ಜೀವಮಾನವಿಡೀ ಫಿಟ್ಟರ್ ಆಗಿ, ಕೂದಲೆಳೆಯಷ್ಟು ವ್ಯತ್ಯಾಸವಾದರೂ ಕೈಕೆಳಗಿನವರ ಜನ್ಮ ಜಾಲಾಡಿದವನು ಆತ.

"ನನ್ನ ಕಿವಿ ಮಟ್ಟಕ್ಕೆ ಬರ್ತಾಳೆ ಅಂತ ನಿಂತು ತೋರಿಸ್ಲಿಲ್ವೇನಯ್ಯಾ?"

"ಅದೇ ಅಳತೆಗೇ ಮಾಡಿರೋದು ಯಜಮಾನ್ರೇ. ಬೇಕಾದ್ರೆ ನೀವೇ ಟೇಪ್ ಹಿಡೀರಿ."

ಹಿಡಿದ. ಪೆಟ್ಟಿಗೆ ಅವನು ಹೇಳಿದಷ್ಟೇ ಇತ್ತು. ಕಡಿಮೆಯಾಗಿದ್ದವಳು ಹೆಂಡತಿ.

"ಕಾಲ ಹತ್ರ ಹಳೇ ಬೆಡ್‌ಶೀಟ್ ತುರುಕಿದ್ರಾಯ್ತಪ್ಪ, ಯಾರು ನೋಡ್ತಾರೆ," ಎಂದಳು ಸತ್ತವಳ ತಂಗಿ.

"ಬೇಡ ಚಿಕ್ಕಮ್ಮ." ಮಗಳು ಫ್ಯಾನಿನ ಕೆಳಗೇ ನಿಂತಿದ್ದರೂ ಕತ್ತು ಒರೆಸಿಕೊಳ್ಳುತ್ತಿದ್ದಳು. ಅವಳಿಗೂ ಐವತ್ತು ಹತ್ತಿರವಾಗಿತ್ತು. "ಕೊಯ್ದು ಸರಿಮಾಡಲಿ. ಇದೊಂದಾದ್ರೂ ಅಮ್ಮನ ಅಳತೆಗಿರ್ಲಿ."

"ನನ್ನ ಕಿವಿ ಮಟ್ಟಕ್ಕೆ ಬರ್ತಿದ್ಲಮ್ಮ ಅವಳು."

"ಬರ್ತಿದ್ಲು ಅಪ್ಪ. ಮದುವೆ ಫೋಟೋದಲ್ಲಿ."

ಅವಳನ್ನು ಎತ್ತಿ ಚಾಪೆಯ ಮೇಲೆ ಮಲಗಿಸಿದ ಮೇಲೆ ಬಡಗಿ ಪೆಟ್ಟಿಗೆಯನ್ನು ವರಾಂಡಕ್ಕೆ ಒಯ್ದು ಗರಗಸ ಹಿಡಿದ. ಬಂದವರೆಲ್ಲ ಆ ಸದ್ದು ಕೇಳುತ್ತ ಕುಳಿತರು.

*

ನಲವತ್ತು ದಾಟಿದ ಸ್ವಲ್ಪ ದಿನಕ್ಕೇ ಅವಳಿಗೆ ಮುಟ್ಟು ನಿಂತಿತ್ತು. ಬಟ್ಟೆ ಅಂಗಡಿಯಲ್ಲಿ ಥಾನು ಇಳಿಸಿ ಬಿಚ್ಚಿ ತೋರಿಸುವ ಕೆಲಸ ಅವಳದು. ಗಿರಾಕಿಗಳ ಎದುರೇ ಬೆವರು ಕಿತ್ತುಕೊಂಡು ಬರುತ್ತಿತ್ತು, ಬೆನ್ನೂ ನೋಯುತ್ತಿತ್ತು. ಡಾಕ್ಟರಮ್ಮ ಬಿಡಿಸಿ ಹೇಳಿದ್ದರು: ಮುಟ್ಟು ನಿಂತಾಗ ಹೆಣ್ಣಿನ ಹಾರ್ಮೋನು ಇಳಿಯುತ್ತದೆ, ಮೂಳೆಯನ್ನು ಕಾಯುವುದೂ ಅದೇ. ನಿಮಗೆ ಬೇಗ ನಿಂತಿದೆ, ಮೂಳೆ ಪರೀಕ್ಷೆ ಮಾಡಿಸಿ, ಹಾರ್ಮೋನು ಮಾತ್ರೆಯೂ ಬೇಕಾಗಬಹುದು.

"ಬೆನ್ನುನೋವು ಯಾರಿಗಿಲ್ಲ ಹೇಳು? ನನಗಿಲ್ವಾ?" ಎಂದಿದ್ದ ಫಿಟ್ಟರ್. ಆ ಮಾತು ಅಲ್ಲಿಗೇ ಮುಗಿಯಿತು.

ಒಮ್ಮೆ ಬಚ್ಚಲಲ್ಲಿ ಜಾರಿ ಕೈ ಊರಿದ್ದಕ್ಕೇ ಮಣಿಕಟ್ಟು ಮುರಿಯಿತು. ಬೆನ್ನುಮೂಳೆ ಮಾತ್ರ ಸದ್ದಿಲ್ಲದೆ ಒಳಗೊಳಗೇ ಕುಸಿಯಿತು. ಮೇಲಿನ ಥಾನುಗಳು ಎಟುಕದಾದಾಗ ಅಂಗಡಿ ಬಿಟ್ಟಳು.

ಅಡುಗೆಮನೆಯ ಶೆಲ್ಫು ಅವನೇ ಹೊಡೆದದ್ದು. ಹೊಸದಾಗಿ ಸಂಸಾರ ಹೂಡಿದಾಗ ಅವಳನ್ನು ಗೋಡೆಗೆ ನಿಲ್ಲಿಸಿ, ಕೈ ಎತ್ತಿಸಿ, ಬೆರಳ ತುದಿಗೆ ಸರಿಯಾಗಿ ಗುರುತು ಹಾಕಿದ್ದ. ಬಂದವರಿಗೆಲ್ಲ ತೋರಿಸಿ ಮೆರೆದಿದ್ದ.

"ರೀ, ಈ ಶೆಲ್ಫು ವರ್ಷಾ ವರ್ಷಾ ಬೆಳೀತಿದೆ ನೋಡಿ."

"ನೀರು ಹಾಕೋದು ನಿಲ್ಲಿಸೇ."

ಇಬ್ಬರೂ ನಕ್ಕಿದ್ದರು. ಆಮೇಲೆ ಅವಳು, "ತಮಾಷೆಯಲ್ಲ, ಒಂಚೂರು ಕೆಳಗೆ ಹೊಡೆದುಕೊಡಿ," ಎಂದಿದ್ದಳು.

"ನೋಡೋಣ, ಭಾನುವಾರ."

ಎಷ್ಟೋ ಭಾನುವಾರಗಳು ಕಳೆದವು. ಅವಳು ಸ್ಟೂಲು ತಂದುಕೊಂಡಳು. ಕಳೆದ ತಿಂಗಳು ಸಕ್ಕರೆ ಡಬ್ಬಿಗೆ ಕೈಚಾಚಿದವಳು ಸ್ಟೂಲಿನಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಸ್ಪತ್ರೆಯಲ್ಲಿ ಮಲಗಿದಲ್ಲೇ ಎದೆಯಲ್ಲಿ ಕಫ ಕಟ್ಟಿತು, ಮತ್ತೆ ಮೇಲೇಳಲಿಲ್ಲ.

*

ಮಣ್ಣು ಮಾಡಿ ಬಂದಾಗ ಮಧ್ಯಾಹ್ನ ಕಳೆದಿತ್ತು. ಪೆಟ್ಟಿಗೆಯಿಂದ ಕೊಯ್ದ ಹಲಗೆಯ ತುಂಡು ವರಾಂಡದಲ್ಲೇ ಬಿದ್ದಿತ್ತು. ಫಿಟ್ಟರ್ ಅದನ್ನು ಎತ್ತಿಕೊಂಡು ಒಳಗೆ ಹೋದ.

ಬಂದವರಿಗೆ ಚಹಾ ಮಾಡಲೆಂದು ಮಗಳು ಸ್ಟೂಲಿನ ಮೇಲೆ ಹತ್ತಿದ್ದಳು.

"ಇಳಿ ಕೆಳಗೆ!"

"ಸಕ್ಕರೆ, ಅಪ್ಪ..."

"ಇಳಿ ಅಂದ್ನಲ್ಲ!" ಅವನ ದನಿ ಒಡೆಯಿತು. ಅವಳು ಬೆಚ್ಚಿ ಇಳಿದಳು. ಮುಖವೆಲ್ಲ ಬೆವತಿತ್ತು.

"ನಿಂಗೂ... ಅಮ್ಮನ ಹಾಗೇನಾ?" ಇಂಥ ಮಾತನ್ನು ಅವನು ಮಗಳ ಹತ್ತಿರವಿರಲಿ, ಹೆಂಡತಿಯ ಹತ್ತಿರವೂ ತಾನಾಗಿ ಕೇಳಿದವನಲ್ಲ.

"ಹ್ಞೂಂ. ನಿಂತು ವರ್ಷವಾಯ್ತು."

"ಪರೀಕ್ಷೆ ಮಾಡಿಸಿದ್ಯಾ?"

"ಎಲ್ಲಿ ಪುರುಸೊತ್ತು ಅಪ್ಪ?" ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ನೋಡೋಣ."

ಅವನು ಗೋಡೆಯ ಕಡೆ ತಿರುಗಿದ. ಶೆಲ್ಫಿನ ಕೆಳಗೆ ಸುಣ್ಣದ ಮೇಲೆ ಎಣ್ಣೆಗೈಯ ಮಸುಕು ಗುರುತುಗಳಿದ್ದವು. ಹೆಂಡತಿಯ ಬೆರಳು ಎಟುಕಿದ್ದು ಅಲ್ಲಿಯವರೆಗೆ. ಅವನು ಕೈಯಲ್ಲಿದ್ದ ತುಂಡನ್ನು ಶೆಲ್ಫಿಗೂ ಆ ಗುರುತುಗಳಿಗೂ ನಡುವೆ ಹಿಡಿದ. ಅದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂತಿತು.